ಕಾಲರಿನೊಳಗಿನ ಮೈಕು

ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ನನಗೆ ಎರಡು ಕೆಲಸ. ಹಾಜರಿ ಪುಸ್ತಕದಲ್ಲಿ ದರ್ಜಿ ಎಂದು ಬರೆದಿದೆ. ವೇಷದ ಕೋಣೆ, ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಹದಿನಾರು ಕಬ್ಬಿಣದ ಟ್ರಂಕು, ಇವಿಷ್ಟೂ ನನ್ನ ವಶದಲ್ಲಿವೆ. ಎರಡನೆಯ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ನಾಟಕ ನಡೆಯುವಾಗ ರಂಗದ ಪಕ್ಕದ ಮರೆಯಲ್ಲಿ, ಸೈಡ್‌ವಿಂಗಿನಲ್ಲಿ ಕೂತು ಮಾತು ಮರೆತವರಿಗೆ ಮಾತು ಕೊಡಬೇಕು. ಇಪ್ಪತ್ತಾರು ವರ್ಷದ ಹಿಂದೆ ಆಗಿನ ಪ್ರಾಂಪ್ಟರ್ ಜ್ವರ ಬಂದು ಮಲಗಿದಾಗ ಒಂದು ಸಂಜೆಯ ಮಟ್ಟಿಗೆ ಎಂದು ನನ್ನನ್ನು ಕೂರಿಸಿದರು. ಆಮೇಲೆ ಯಾರೂ ಎಬ್ಬಿಸಲಿಲ್ಲ.

ಪ್ರಾಂಪ್ಟ್ ಮಾಡುವುದೆಂದರೆ ಪುಸ್ತಕ ಹಿಡಿದು ಓದುತ್ತಾ ಹೋಗುವುದು ಎಂದು ಎಲ್ಲರೂ ತಿಳಿದಿದ್ದಾರೆ. ಓದುವುದಕ್ಕೆ ಯಾರಾದರೂ ಆದೀತು. ನಟ ಸುಮ್ಮನಾದಾಗ ಬೇಕೆಂದೇ ಸುಮ್ಮನಾದನೋ, ದಾರಿ ತಪ್ಪಿ ಸುಮ್ಮನಾದನೋ, ಅದು ತಿಳಿಯಬೇಕು. ಬೇಕೆಂದು ನಿಂತವನ ಎದೆಯಲ್ಲಿ ಉಸಿರು ತುಂಬಿರುತ್ತದೆ. ಮರೆತವನ ಉಸಿರು ಖಾಲಿಯಾಗಿರುತ್ತದೆ. ತುಂಬಿದ ಉಸಿರಿಗೆ ಮಾತು ಕೊಟ್ಟರೆ ನಾಟಕ ಮುಗಿದ ಮೇಲೆ ಆ ನಟ ನಮ್ಮನ್ನು ಕೊಲ್ಲಲು ಬರುತ್ತಾನೆ. ಖಾಲಿ ಉಸಿರಿಗೆ ಕೊಡದಿದ್ದರೆ ಅವನೇ ಅಲ್ಲಿ ಸಾಯುತ್ತಾನೆ. ಇದನ್ನು ನನಗೆ ಕಲಿಸಿದವರು ನನ್ನ ಭಾವ, ಅಕ್ಕನ ಗಂಡ. ಮೂವತ್ತನಾಲ್ಕು ವರ್ಷ ಅದೇ ವಿಭಾಗದಲ್ಲಿ ಅಭಿನಯ ಕಲಿಸಿ, ನಾಲ್ಕು ವರ್ಷದ ಹಿಂದೆ ನಿವೃತ್ತರಾದರು. ನಿವೃತ್ತರಾದರೂ ಪ್ರತಿವರ್ಷ ಒಂದು ನಾಟಕದಲ್ಲಿ ಒಂದು ಪಾತ್ರ ಅವರಿಗೆಂದು ಮೀಸಲು.

ಈ ವರ್ಷ ನಾಟಕಗಳು ಶುರುವಾಗುವುದಕ್ಕೆ ಎರಡು ತಿಂಗಳಿರುವಾಗ ರಂಗಮಂದಿರದ ತೊಲೆ ಬಿರುಕು ಬಿಟ್ಟಿದೆಯೆಂದು ಎಂಜಿನಿಯರುಗಳು ಬಂದು ಬಾಗಿಲಿಗೆ ಬೀಗ ಹಾಕಿದರು. ಆಡಬೇಕಾದ ಮೂರು ನಾಟಕ ಆಗಲೇ ನಿಗದಿಯಾಗಿತ್ತು. ವಿಭಾಗದ ಮುಖ್ಯಸ್ಥೆ ಮೇಡಂ ಕೈಕಟ್ಟಿ ಕೂರುವವರಲ್ಲ. ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ನೂರು ಕುರ್ಚಿ ಹಾಕಿಸುವುದು, ಕತ್ತಲಾಗುವ ಮೊದಲೇ ಆಟ ಮುಗಿಸುವುದು, ಜಾಗ ಸಿಗದವರು ಮನೆಯಲ್ಲೇ ಫೋನಿನಲ್ಲೋ ಕಂಪ್ಯೂಟರಿನಲ್ಲೋ ನೇರಪ್ರಸಾರ ನೋಡುವುದು ಎಂದು ತೀರ್ಮಾನಿಸಿದರು. ಪ್ರಸಾರಕ್ಕೆಂದು ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಯಾವಾಗ ನೋಡಿದರೂ ಕೊರಳಲ್ಲಿ ಹೆಡ್‌ಫೋನು, ಭುಜಕ್ಕೆ ಸುತ್ತಿದ ತಂತಿ. ವಿದ್ಯಾರ್ಥಿಗಳು ಎರಡೇ ದಿನದಲ್ಲಿ ಅವಳಿಗೆ ‘ವೈರಕ್ಕ’ ಎಂದು ಹೆಸರಿಟ್ಟರು. ನನಗೆ ‘ಸೂಜಿಯಮ್ಮ’ ಎಂದು ಹೆಸರಿಟ್ಟ ಜಾತಿಯೇ ಅದು.

ಮೂರನೆಯ ನಾಟಕದಲ್ಲಿ ಭಾವನಿಗೆ ಮುಖ್ಯ ಪಾತ್ರ. ಒಬ್ಬ ಮುದಿ ನ್ಯಾಯಾಧೀಶ ತನ್ನ ಮನೆಯ ಅಂಗಳದಲ್ಲಿ ಕೂತಿರುತ್ತಾನೆ. ಅವನು ತಪ್ಪು ತೀರ್ಪು ಕೊಟ್ಟು ಜೈಲಿಗೆ ಕಳಿಸಿದವನ ತಾಯಿ ಹುಡುಕಿಕೊಂಡು ಬರುತ್ತಾಳೆ. ಅಷ್ಟೇ ಕತೆ. ಒಂದು ಗಂಟೆ ಹತ್ತು ನಿಮಿಷದ ಆಟ, ನ್ಯಾಯಾಧೀಶ ಕುರ್ಚಿಯಿಂದ ಏಳುವುದೇ ಇಲ್ಲ. ಅವನಿಗೆ ಎಂಬತ್ತೊಂದು ಮಾತು.

ಒಂದು ಮಧ್ಯಾಹ್ನ ಅಕ್ಕ ವೇಷದ ಕೋಣೆಗೆ ಬಂದು ಟ್ರಂಕಿನ ಮೇಲೆ ಕೂತಳು. ನಾನು ನ್ಯಾಯಾಧೀಶನ ಕರಿ ಕೋಟು ಬಿಚ್ಚಿ ಚಿಕ್ಕದು ಮಾಡುತ್ತಿದ್ದೆ.

“ಭಾವಂದು ಅಳತೆ ತಗೊಂಡೆ ಕಣೇ. ಸೊಂಟ ಎರಡಿಂಚು ಇಳಿದಿದೆ” ಅಂದೆ.

“ಇಳಿದಿರೋದು ಸೊಂಟ ಒಂದೇ ಅಲ್ಲ” ಅಂದಳು ಅಕ್ಕ. “ಮೂರು ವಾರದಿಂದ ಪುಸ್ತಕ ಹಿಡ್ಕೊಂಡು ಕೂತಿದಾರೆ. ಇನ್ನೂ ಮೊದಲನೇ ಪುಟ. ಬೆಳಿಗ್ಗೆ ಬಾಯಿಪಾಠ ಆಗಿದ್ದು ಮಧ್ಯಾಹ್ನಕ್ಕೆ ಇರಲ್ಲ. ಮೊನ್ನೆ ಹಾಲಿನ ಅಂಗಡಿಗೆ ಹೋದವರು ಮುಂದಿನ ಬೀದೀಲಿ ನಿಂತು ಯಾರನ್ನೋ ದಾರಿ ಕೇಳ್ತಿದ್ರು.”

ನಾನು ಕತ್ತರಿ ಕೆಳಗಿಟ್ಟೆ. “ಅವರಿಗೆ ಗೊತ್ತಾ?”

“ಸ್ವಲ್ಪ ಮರೆವು ಅಂತ ಗೊತ್ತು. ಎಷ್ಟು ಅಂತ ಗೊತ್ತಿಲ್ಲ. ಗೊತ್ತಾಗೋಕೆ ನಾನು ಬಿಟ್ಟಿಲ್ಲ. ಅವರು ತಡವರಿಸೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ.”

“ಹಾಗಿದ್ರೆ ಈ ಪಾತ್ರ ಬೇಡ ಅನ್ನಬಾರದಾ?”

“ನಾನು ಹೇಗೇ ಅನ್ಲಿ? ಪಾತ್ರ ಸಿಕ್ಕ ದಿನದಿಂದ ತಾವೇ ಎದ್ದು ಶೇವ್ ಮಾಡ್ಕೋತಾರೆ. ಸಿಡುಕಲ್ಲ. ಇದೊಂದನ್ನ ದಾಟಿಸ್ಬಿಡು. ಆಮೇಲೆ ನಾನಾಗೇ ನಿಧಾನವಾಗಿ ಹೇಳ್ತೀನಿ. ಜನರ ಮುಂದೆ ಅವರಿಗೆ ಗೊತ್ತಾಗೋದು ಬೇಡ. ನಿನ್ನ ದಮ್ಮಯ್ಯ.”

ಅಕ್ಕ ನನಗೆ ದಮ್ಮಯ್ಯ ಅಂದದ್ದು ಅದೇ ಮೊದಲು. ಆಗಲಿ ಅಂದೆ.

ಆದರೆ ಅಂಗಳದಲ್ಲಿ ಸೈಡ್‌ವಿಂಗ್ ಎಲ್ಲಿಂದ ಬರಬೇಕು? ಮೂರು ಕಡೆ ಕುರ್ಚಿ, ಒಂದು ಕಡೆ ಗ್ರಂಥಾಲಯದ ಗೋಡೆ. ನಾನೇ ಒಂದು ದಾರಿ ಹುಡುಕಿದೆ. ನ್ಯಾಯಾಧೀಶನ ಮನೆಯಲ್ಲಿ ಒಬ್ಬ ಮುದುಕಿ ಕೆಲಸದವಳು ಇರಲಿ, ಅವನ ಕುರ್ಚಿಗೆ ತಾಗಿ ಎಡಭುಜದ ಹಿಂದೆ ಸ್ಟೂಲಿನ ಮೇಲೆ ಜನರಿಗೆ ಬೆನ್ನು ತಿರುಗಿಸಿ ಕೂತು ಬಟ್ಟೆ ಹೊಲಿಯುತ್ತಿರಲಿ, ಆ ಮುದುಕಿ ನಾನೇ ಆಗುತ್ತೇನೆ ಅಂದೆ. ಮೇಡಂಗೆ ಹಿಡಿಸಿತು. ಭಾವ ಮಾತ್ರ ಮೇಡಂ ಕಡೆ ನೋಡಿ ಹುಬ್ಬು ಗಂಟಿಕ್ಕಿದರು.

“ಇವಳು ಯಾಕಮ್ಮ ನನ್ನ ಬೆನ್ನಿಗೆ?”

“ಹುಡುಗರಿಗೋಸ್ಕರ ಭಾವ” ಅಂದೆ. “ಬಯಲಲ್ಲಿ ಹೊಸಬರು ಗಾಬರಿ ಬೀಳ್ತಾರೆ.”

“ಹೌದು ಪಾಪ” ಅಂದರು. ನಂಬಿದರು.

ಎಂಬತ್ತೊಂದು ಮಾತನ್ನೂ ನಾನು ಬಾಯಿಪಾಠ ಮಾಡಿದೆ. ಹೊಲಿಗೆಯ ಮೇಲೆ ಬಗ್ಗಿ, ತುಟಿ ಅಲ್ಲಾಡಿಸದೆ, ಅವರ ಎಡಕಿವಿಗೆ ತಲುಪುವಷ್ಟು ಮಾತ್ರ ಗಾಳಿ ಬಿಡುತ್ತಿದ್ದೆ. ಮೊದಲ ಎರಡು ಪದ ಕೊಟ್ಟರೆ ಕೆಲವೊಮ್ಮೆ ಉಳಿದದ್ದು ತಾನಾಗಿ ಬರುತ್ತಿತ್ತು. ದಿನ ಕಳೆದಂತೆ ಪೂರ್ತಿ ಮಾತು ಕೊಡಬೇಕಾಯಿತು. ವಿಚಿತ್ರವೆಂದರೆ ಕಿವಿಗೆ ಬಿದ್ದ ಮಾತು ಅವರ ಬಾಯಿಂದ ಹೊರಬರುವಾಗ ಅವರದೇ ಆಗಿರುತ್ತಿತ್ತು. ದನಿ, ತೂಕ, ನಿಲುಗಡೆ ಯಾವುದೂ ಮಾಸಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ದಿನವೂ ಕೇಳುತ್ತಿದ್ದರು: “ಇವತ್ತು ನನಗೆಷ್ಟು ಕೊಟ್ಟೆ?”

“ಮೂರು ಭಾವ.”

“ಮೂರಾ? ಈ ವಯಸ್ಸಿಗೆ ಪರವಾಗಿಲ್ಲ ಬಿಡು.”

ನಾನು ಮೂರು ಅನ್ನುವಾಗ ಅದು ಮೂವತ್ತೋ ನಲವತ್ತೋ ಆಗಿರುತ್ತಿತ್ತು. ಕೊಟ್ಟದ್ದೂ ಅವರಿಗೆ ಮರೆತುಹೋಗಿರುತ್ತಿತ್ತು.

ನನಗಿದ್ದ ಭಯ ಒಂದೇ, ಮೊದಲ ಸಾಲಿನವರಿಗೆ ನನ್ನ ಪಿಸುಮಾತು ಕೇಳಿಸೀತೆಂದು. ಅಕ್ಕನನ್ನು ಮೊದಲ ಸಾಲಿನ ಎಲ್ಲ ಕುರ್ಚಿಗಳಲ್ಲೂ ಒಂದೊಂದು ಸಲ ಕೂರಿಸಿ ಪರೀಕ್ಷೆ ಮಾಡಿದೆ. ಏನೂ ಕೇಳಿಸಲ್ಲ ಅಂದಳು. ಸಮಾಧಾನವಾಯಿತು. ಮೊದಲ ಆಟದ ಹಿಂದಿನ ದಿನ ವೈರಕ್ಕ ಕಡಲೆಬೀಜದಷ್ಟು ದಪ್ಪದ ಒಂದು ಮೈಕು ತಂದುಕೊಟ್ಟು, “ಸೂಜಿಯಮ್ಮ, ಇದು ಸಾರ್ ಕೋಟಲ್ಲಿ ಕಾಣಬಾರದು, ಬಟ್ಟೆ ಉಜ್ಜಿ ಕರಕರ ಅನ್ನಬಾರದು” ಅಂದಳು. ಎಡಗಡೆ ಕಾಲರಿನ ಹೊಲಿಗೆ ಬಿಚ್ಚಿ, ಒಳಗೆ ಮೆತ್ತನೆಯ ಫ್ಲಾನಲ್ ಬಟ್ಟೆ ಇಟ್ಟು, ಮೈಕನ್ನು ಕೂರಿಸಿ ಅಂಚು ಹೊಲಿದೆ. ಹುಡುಕಿದರೂ ಸಿಗುವಂತಿರಲಿಲ್ಲ. ಒಬ್ಬ ವಿದ್ಯಾರ್ಥಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತು ಒಂದರಿಂದ ಇಪ್ಪತ್ತರವರೆಗೆ ಎಣಿಸಿದ. ದನಿ ಸ್ಫಟಿಕದ ಹಾಗೆ ಬರುತ್ತಿದೆ ಎಂದು ವೈರಕ್ಕ ಹೆಬ್ಬೆರಳು ಎತ್ತಿದಳಂತೆ. ಆಗ ನಾನು ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ.

ಇಪ್ಪತ್ತಾರು ವರ್ಷ ಎದುರು ಕೂತವರ ಕಿವಿಗೆ ಹೆದರಿದವಳು ನಾನು. ನನ್ನ ತುಟಿಯಿಂದ ಒಂದು ಗೇಣು ದೂರದಲ್ಲಿ ನನ್ನ ಕೈಯಾರೆ ಹೊಲಿದಿಟ್ಟ ಕಿವಿ ನನಗೆ ನೆನಪಾಗಲೇ ಇಲ್ಲ.

ಶನಿವಾರದ ಮೊದಲ ಆಟ ಸೊಗಸಾಗಿ ಆಯಿತು. ಐದು ಗಂಟೆಯ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ತಾಯಿಯ ಪಾತ್ರದ ಹುಡುಗಿ ಭಾವನ ಕಾಲಬುಡದಲ್ಲಿ ಕೂತು “ನನ್ನ ಮಗನ ಹೆಸರಾದ್ರೂ ನಿಮಗೆ ನೆನಪಿದ್ಯಾ?” ಎಂದು ಕೇಳಿದಾಗ ಭಾವ ತಡೆದ ತಡೆಗೆ ನೂರು ಕುರ್ಚಿಯೂ ಉಸಿರು ಬಿಗಿಹಿಡಿದವು. ಅದು ಖಾಲಿ ಉಸಿರು ಎಂದು ನನಗೊಬ್ಬಳಿಗೇ ಗೊತ್ತು. ಕೊಟ್ಟೆ. ತೆಗೆದುಕೊಂಡರು. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ದೂರದಿಂದಲೇ ನನಗೆ ಕೈಮುಗಿದಳು.

ಕುರ್ಚಿ ಮಡಚುತ್ತಿರುವಾಗ ವೈರಕ್ಕ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಮಾತಾಡದೆ ಹೆಡ್‌ಫೋನು ತೆಗೆದು ನನ್ನ ಕಿವಿಗಿಟ್ಟಳು.

ಮೊದಲು ನನ್ನ ದನಿ. ಹಿಂದೆಯೇ ಭಾವನ ದನಿ. ಮತ್ತೆ ನನ್ನದು, ಮತ್ತೆ ಅವರದು. ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟ ಮಗ್ಗಿಯನ್ನು ಮಗು ಹೇಳುವ ಹಾಗೆ.

“ನಡುವೆ ನಿಲ್ಸೋಕಾಗ್ಲಿಲ್ಲ ಸೂಜಿಯಮ್ಮ. ಮೈಕ್ ಮುಚ್ಚಿದ್ರೆ ಸಾರ್ ದನಿಯೂ ಹೋಗ್ತಿತ್ತು.”

“ಎಷ್ಟು ಜನ ನೋಡಿದ್ರು?”

“ಮುನ್ನೂರ ನಲವತ್ತು.”

ಪ್ರಸಾರದ ಕೆಳಗೆ ಜನ ಬರೆದಿದ್ದನ್ನು ತೋರಿಸಿದಳು. ಯಾರೋ ಒಬ್ಬರು ‘ನ್ಯಾಯಾಧೀಶನ ಆತ್ಮಸಾಕ್ಷಿಯನ್ನು ಹೆಣ್ಣುದನಿಯಲ್ಲಿ ತಂದದ್ದು ಅದ್ಭುತ ಪ್ರಯೋಗ’ ಎಂದು ಬರೆದಿದ್ದರು. ನಗು ಬರಬೇಕಿತ್ತು. ಅದರ ಕೆಳಗೇ ಇನ್ನೊಬ್ಬರು, ‘ಪಾಪ, ಅಜ್ಜನಿಗೆ ಒಂದು ಮಾತೂ ನೆನಪಿಲ್ಲ’ ಎಂದಿದ್ದರು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೂ ವೈರಕ್ಕನೂ ವೇಷದ ಕೋಣೆಯಲ್ಲಿ ಆ ಮೈಕನ್ನು ಎಲ್ಲಿಗೆ ಸಾಗಿಸುವುದೆಂದು ಯೋಚಿಸುತ್ತಿದ್ದೆವು. ಸಂಜೆ ಎರಡನೆಯ ಆಟ, ಅದೇ ಕೊನೆಯದು. ಬಾಗಿಲಲ್ಲಿ ಭಾವ ನಿಂತಿದ್ದರು, ಹಿಂದೆ ಅಕ್ಕ.

“ಎಲ್ಲಿ, ನಿನ್ನೆಯ ಆಟ ತೋರಿಸಮ್ಮ. ನಲವತ್ತು ವರ್ಷ ವೇಷ ಹಾಕಿದೀನಿ, ನಾನು ಹೇಗೆ ಕಾಣ್ತೀನಿ ಅಂತ ನಾನೇ ನೋಡಿಲ್ಲ” ಅಂದರು ವೈರಕ್ಕನಿಗೆ. ಮುಖ ಅರಳಿತ್ತು.

“ಅದು ರೆಕಾರ್ಡ್ ಆಗಿಲ್ಲ ಭಾವ” ಅಂದೆ. ಯೋಚಿಸುವ ಮೊದಲೇ ಬಂದ ಮಾತು.

ಭಾವ ನನ್ನ ಕಡೆ ನೋಡಲಿಲ್ಲ. ವೈರಕ್ಕನ ಮುಖ ನೋಡಿದರು. ಮೂವತ್ತನಾಲ್ಕು ವರ್ಷ ಸುಳ್ಳನ್ನು ನಿಜದಂತೆ ಹೇಳುವುದು ಹೇಗೆಂದು ಕಲಿಸಿದವರು. ಅದು ಬರದವರನ್ನು ಗುರುತಿಸುವುದು ಅವರಿಗೆ ಎಷ್ಟರ ಕೆಲಸ?

“ನಿನಗೆ ನಟನೆ ಬರಲ್ಲಮ್ಮ. ಹಾಕು” ಅಂದರು.

ಅಕ್ಕ ಅಡುಗೆ, ಬಿಸಿಲು, ವಿಶ್ರಾಂತಿ ಅಂತ ಏನೇನೋ ಹೇಳಿದಳು. ಭಾವ ಟ್ರಂಕಿನ ಮೇಲೆ ಕೂತೇಬಿಟ್ಟರು. ವೈರಕ್ಕ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ನಿನ್ನೆಯ ಆಟ ಹಾಕಿ, ಹೊರಗೆ ಹೋದಳು.

ಒಂದು ಗಂಟೆ ಹತ್ತು ನಿಮಿಷ. ಭಾವ ಅಲ್ಲಾಡಲಿಲ್ಲ. ಮೊದಲೆರಡು ಮಾತಿಗೆ ಮುಗುಳ್ನಕ್ಕರು. ಆಮೇಲೆ ತಲೆ ಸ್ವಲ್ಪ ವಾಲಿಸಿ ಕೇಳಿದರು. ಕಾಲು ಗಂಟೆಯ ಹೊತ್ತಿಗೆ ಪರದೆ ನೋಡುವುದನ್ನೇ ಬಿಟ್ಟು ಕಣ್ಣು ಮುಚ್ಚಿ ಬರೀ ಕೇಳುತ್ತಿದ್ದರು. ಅಕ್ಕ ನಿಲ್ಲಿಸಲು ಕೈ ಚಾಚಿದಾಗ ಕಣ್ಣು ತೆರೆಯದೆಯೇ ಅವಳ ಮಣಿಕಟ್ಟು ಹಿಡಿದುಕೊಂಡರು. ಚಪ್ಪಾಳೆ ಮುಗಿಯುವವರೆಗೂ ಬಿಡಲಿಲ್ಲ.

“ಎಷ್ಟು?” ಅಂದರು ನನಗೆ.

“ಭಾವ…”

“ಮೂರು ಅನ್ನಬೇಡ.”

“ಎಂಬತ್ತೊಂದರಲ್ಲಿ ಎಪ್ಪತ್ತು.”

“ಹುಡುಗರಿಗೆ?”

“ಒಂದೂ ಇಲ್ಲ.”

ಅವರಿಗೆ ಸಿಟ್ಟು ಬಂದದ್ದು ಆಗ. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. “ಮಾತು ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಅದು ನಿನ್ನ ಕೆಲಸ. ದಿನಾ ಕೇಳ್ದೆ ನಿನ್ನ, ಎಷ್ಟು ಕೊಟ್ಟೆ ಅಂತ. ದಿನಾ. ನಾನು ಎಲ್ಲಿದೀನಿ ಅಂತ ತಿಳ್ಕೊಳೋಕೆ ನನಗೆ ಅದೊಂದೇ ದಾರಿ ಇತ್ತು. ಅದನ್ನೂ ಮುಚ್ಚಿಬಿಟ್ಯಲ್ಲ.”

“ಅವಳದೇನೂ ತಪ್ಪಿಲ್ಲ, ನಾನೇ ಹೇಳಿಸಿದ್ದು” ಎಂದಳು ಅಕ್ಕ. ಅಳು ಬಂದಿತ್ತು. “ಡಾಕ್ಟರ್ ಹತ್ರಾನೂ ನಾನೇ…”

“ಏನು ಡಾಕ್ಟರ್ ಹತ್ರ?”

ಅಕ್ಕ ಸೆರಗು ಹಿಂಡುತ್ತಾ ಹೇಳಿದಳು. ಎಂಟು ತಿಂಗಳ ಹಿಂದೆ ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಾಗ ಡಾಕ್ಟರು ಇವತ್ತು ತಾರೀಕು ಎಷ್ಟು, ತಿಂಗಳು ಯಾವುದು ಎಂದು ಕೇಳಿದ್ದರಂತೆ. ಭಾವ ತಡೆದಾಗಲೆಲ್ಲ ಅಕ್ಕ ಹಿಂದಿನಿಂದ ಮೆಲ್ಲಗೆ ಹೇಳಿಕೊಟ್ಟಿದ್ದಳಂತೆ. ವಯಸ್ಸಿಗೆ ತಕ್ಕಷ್ಟು ಮರೆವು, ಅಷ್ಟೇ ಅಂದು ಕಳಿಸಿದ್ದರು. ಆ ಚೀಟಿ ಮನೆಯ ಬೀರುವಿನಲ್ಲಿತ್ತು. ಭಾವ ಅದನ್ನು ಎಷ್ಟೋ ಸಲ ತೆಗೆದು ಓದಿ ಧೈರ್ಯ ತಂದುಕೊಂಡಿದ್ದರು.

“ಅಕ್ಕ ತಂಗಿ ಇಬ್ಬರೂ ಸೇರಿ ಒಳ್ಳೆ ನಾಟಕ ಕಟ್ಟಿದೀರಿ” ಅಂದರು ಭಾವ. “ನನಗೊಬ್ಬನಿಗೇ ಇದು ನಾಟಕ ಅಂತ ಹೇಳ್ಲಿಲ್ಲ.”

ಪ್ರೀತಿಯಿಂದ ಮಾಡಿದ್ದು ಅನ್ನಬಹುದಿತ್ತು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಿ ಏನು ಬಂತು? ಅಕ್ಕ ಅವರ ಚಪ್ಪಲಿಯ ಮೇಲೆ ಬಿದ್ದಿದ್ದ ದಾರದ ತುಣುಕು ತೆಗೆದಳು. ಭಾವ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮೂರು ಗಂಟೆಗೆ ಅವರು ಮೇಡಂ ಅವರನ್ನೂ ವಿದ್ಯಾರ್ಥಿಗಳನ್ನೂ ಅಂಗಳದಲ್ಲಿ ಕೂರಿಸಿ ಎಲ್ಲವನ್ನೂ ತಾವೇ ಹೇಳಿದರು. ಬೇರೆಯವರು ಕೋಟು ಹಾಕಬಹುದು, ಇಲ್ಲವಾದರೆ ಇವಳು ಎದುರಿಗೇ ಪುಸ್ತಕ ಹಿಡಿದು ಕೂತು ಓದಲಿ, ನಾನು ಹೇಳುತ್ತೇನೆ, ಮುಚ್ಚುಮರೆ ಬೇಡ, ನೀವೇ ಆರಿಸಿ ಅಂದರು. ತಾಯಿಯ ಪಾತ್ರದ ಹುಡುಗಿ ಬಿಕ್ಕಲು ಶುರುಮಾಡಿದಳು.

“ಏಯ್, ಈಗಲೇ ಅತ್ತು ಖಾಲಿ ಮಾಡ್ಬೇಡ. ಎರಡನೇ ದೃಶ್ಯಕ್ಕೆ ಏನು ಮಾಡ್ತೀಯ?” ಅಂದರು ಭಾವ. ಅವಳು ಅಳುತ್ತಲೇ ನಕ್ಕಳು. ಕೋಟನ್ನು ಯಾರೂ ಮುಟ್ಟಲಿಲ್ಲ.

ಆ ಸಂಜೆ ನನ್ನ ಸ್ಟೂಲು ಅವರ ಪಕ್ಕದಲ್ಲಿತ್ತು, ಮುಖ ಜನರ ಕಡೆಗೆ. ಮಡಿಲಲ್ಲಿ ಪುಸ್ತಕ. ಹೊಲಿಯಲು ಬಟ್ಟೆ ಇರಲಿಲ್ಲವಾದ್ದರಿಂದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಶುರುವಾಗುವ ಮೊದಲು ಭಾವ ಜನರಿಗೆ ಇಷ್ಟೇ ಹೇಳಿದರು: “ನನ್ನ ಮಾತುಗಳು ಈಗ ಇವಳ ಹತ್ರ ಇವೆ. ಇವಳು ಕೊಡ್ತಾಳೆ, ನಾನು ಹೇಳ್ತೀನಿ. ಸ್ವಲ್ಪ ನಿಧಾನ ಆಗುತ್ತೆ.”

ನಿಧಾನವೇ ಆಯಿತು. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತು. ನಾನು ಗಟ್ಟಿಯಾಗಿ ಓದಿದ ಮೇಲೆ ಅದೇ ಮಾತು ಅವರ ಬಾಯಿಂದ ಬರುವಾಗ ಕೆಲವು ಕಡೆ ಮೈ ಜುಮ್ಮೆಂದಿತು, ಕೆಲವು ಕಡೆ ಬರೀ ಎಳೆದ ಹಾಗಾಯಿತು. ಹಿಂದಿನ ಸಾಲಿನಿಂದ ನಾಲ್ಕೈದು ಜನ ಎದ್ದು ಹೋದರು. ಮನೆಯಲ್ಲಿ ನೋಡುತ್ತಿದ್ದವರು ಮುನ್ನೂರರಿಂದ ನೂರ ಎಂಬತ್ತಕ್ಕೆ ಇಳಿದರೆಂದು ವೈರಕ್ಕ ಆಮೇಲೆ ಹೇಳಿದಳು. ಹಿಂದಿನ ದಿನದ ಆಟಕ್ಕಿಂತ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಚಪ್ಪಾಳೆಯೂ ಕಮ್ಮಿ. ಭಾವ ತಾವೇ ಕೋಟು ಬಿಚ್ಚಿ, ಮಡಚಿ, ನನ್ನ ಕೈಗಿತ್ತು, “ಇನ್ನು ಇದನ್ನ ಬೇರೆಯವರ ಅಳತೆಗೆ ಮಾಡು” ಅಂದರು.

ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು. “ಬುಧವಾರ ಡಾಕ್ಟರ್ ಹತ್ರ ಹೋಗೋದಿದೆ. ನೀನು ಬಾ. ನಿಮ್ಮಕ್ಕ ಹೊರಗೆ ಕೂತಿರ್ಲಿ, ಅವಳ ಕೈಲಿ ತಡ್ಕೊಳೋಕಾಗಲ್ಲ. ಅವರು ಹೇಳಿದ್ದನ್ನ ನೀನು ಕೇಳಿಸ್ಕೊಂಡು, ಎಷ್ಟು ಹೇಳಿದ್ರೋ ಅಷ್ಟೂ ನನಗೆ ಹೇಳ್ಬೇಕು. ಅವರು ನನ್ನ ಏನಾದ್ರೂ ಕೇಳ್ದಾಗ ಮಾತ್ರ ನೀನು ಬಾಯಿ ಬಿಡಬಾರದು.”

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಜು, ತೂಕದ ಯಂತ್ರ, ಒಂದು ಮಂಚ. ಭಾವನ ಎಡಗಡೆ ನನಗೊಂದು ಕುರ್ಚಿ ಹಾಕಿಸಿದರು. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಅಂದರು. ಕೊಡೆ, ಬೀಗ, ಸೇತುವೆ. ಭಾವ ಮೂರನ್ನೂ ಸ್ಪಷ್ಟವಾಗಿ ತಿರುಗಿ ಹೇಳಿದರು. ಆಮೇಲೆ ತಿಂಗಳು ಯಾವುದೆಂದು ಡಾಕ್ಟರು ಕೇಳಿದರು, ಭಾವ ತಪ್ಪು ಹೇಳಿದರು. ಡಾಕ್ಟರು ಕಾಗದದ ಮೇಲೆ ಗಡಿಯಾರ ಬರೆಯಲು ಹೇಳಿದರು. ಭಾವ ವೃತ್ತ ಚೆನ್ನಾಗಿ ಬರೆದು ಅಂಕಿಗಳನ್ನೆಲ್ಲ ಒಂದೇ ಕಡೆ ಒತ್ತೊತ್ತಾಗಿ ತುಂಬಿದರು.

“ಈಗ ಆ ಮೂರು ಪದ ಹೇಳ್ತೀರಾ ಸಾರ್?”

ಭಾವ ಸುಮ್ಮನಾದರು. ಉಸಿರು ಹೊರಗೆ ಹೋಯಿತು, ತಿರುಗಿ ಬರಲಿಲ್ಲ. ಮೂರು ಪದವೂ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವನ್ನು ತಡೆಯಲು ಹಲ್ಲು ಕಚ್ಚಬೇಕಾಯಿತು. ಅವರ ಕತ್ತು ತಾನಾಗಿ ನನ್ನ ಕಡೆ ತಿರುಗಿತು. ಕಣ್ಣು ನನ್ನ ತುಟಿಯ ಮೇಲಿತ್ತು. ಬೇರೆ ಕಡೆ ನೋಡಿಬಿಡೋಣ ಅನ್ನಿಸಿತು. ನೋಡಲಿಲ್ಲ. ಅವರನ್ನೇ ನೋಡುತ್ತಾ ಸುಮ್ಮನೆ ಕೂತೆ. ಗೋಡೆಯಾಚೆ ಯಾರದೋ ಮಗು ಅಳುತ್ತಿತ್ತು. ಡಾಕ್ಟರು ಅವಸರ ಮಾಡಲಿಲ್ಲ.

ಬಹಳ ಹೊತ್ತಿನ ಮೇಲೆ ಭಾವ ನನ್ನಿಂದ ಮುಖ ತಿರುಗಿಸಿ ನೇರ ಕೂತರು.

“ಬೀಗ” ಅಂದರು. “ಇನ್ನೆರಡು ನನ್ನ ಹತ್ರ ಇಲ್ಲ. ಹಾಗೇ ಬರ್ಕೊಳ್ಳಿ.”